ಚಕ್ರವರ್ತಿಯ ಗಂಟಲು ಮತ್ತು ಅಂಗಾಂಶದ ಸಾಕ್ಷ್ಯ

1887ರ ಮೇ ತಿಂಗಳಲ್ಲಿ ಬರ್ಲಿನ್ನಿನ ವೈದ್ಯರು ಒಂದು ಕಠಿಣ ನಿರ್ಧಾರದ ಹೊಸ್ತಿಲಲ್ಲಿದ್ದರು. ಜರ್ಮನ್ ಸಾಮ್ರಾಜ್ಯದ ಯುವರಾಜ ಫ್ರೆಡ್ರಿಕ್‌ನ ಧ್ವನಿ ತಿಂಗಳುಗಳಿಂದ ಒಡೆದಿತ್ತು. ಎಡ ಧ್ವನಿತಂತುವಿನ ಮೇಲೆ ಸಣ್ಣದೊಂದು ಗಂಟು ಕಾಣಿಸಿಕೊಂಡಿತ್ತು. ಕಾದ ತಂತಿಯಿಂದ ಸುಟ್ಟರೂ ಅದು ಮತ್ತೆ ಬೆಳೆಯಿತು. ಇದು ಕ್ಯಾನ್ಸರ್, ಗಂಟಲನ್ನು ತೆರೆದು ಕತ್ತರಿಸಿ ತೆಗೆಯಲೇಬೇಕು ಎಂಬುದು ಶಸ್ತ್ರವೈದ್ಯ ಬರ್ಗ್‌ಮನ್‌ನ ಅಭಿಪ್ರಾಯ. ಯುವರಾಜನಿಗೆ ಆಗ 55 ವರ್ಷ. ಸಿಂಹಾಸನದಲ್ಲಿದ್ದ ತಂದೆಗೆ 90. ಹೀಗಾಗಿ ಒಬ್ಬ ರೋಗಿಯ ಗಂಟಲಿನ ವಿಷಯ ಒಂದು ಸಾಮ್ರಾಜ್ಯದ ವಿಷಯವೂ ಆಗಿತ್ತು.

ಲಂಡನ್ನಿನಿಂದ ಬಂದ ಗಂಟಲು ತಜ್ಞ ಮೊರೆಲ್ ಮೆಕೆಂಜಿ ಒಂದು ಷರತ್ತು ಹಾಕಿದ: ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡದೆ ಶಸ್ತ್ರಕ್ರಿಯೆ ಕೂಡದು. ಆತನೇ ಚಿಮಟದಿಂದ ತುಣುಕನ್ನು ಕಿತ್ತ. ಅದು ಹೋದದ್ದು ರುಡಾಲ್ಫ್ ಫಿರ್ಖೋನ ಮೇಜಿಗೆ. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ನ್ಯಾಯಾಲಯ ಇರಲಿಲ್ಲ.

ಆ ಮೇಜಿಗೆ ಅಂಥ ಅಧಿಕಾರ ಬಂದದ್ದು ಹೇಗೆಂಬುದನ್ನು ತಿಳಿಯಲು ಹಿಂದಕ್ಕೆ ಹೋಗಬೇಕು. ಶತಮಾನಗಳ ಕಾಲ ಯುರೋಪಿನ ವೈದ್ಯಶಾಸ್ತ್ರವು ಕ್ಯಾನ್ಸರನ್ನು ದೇಹರಸಗಳ ಏರುಪೇರಿನ ಫಲವೆಂದು ತಿಳಿದಿತ್ತು. 1801ರಲ್ಲಿ ಫ್ರಾನ್ಸಿನ ಬಿಷಾ ದೇಹವನ್ನು ಅಂಗಗಳಾಗಿ ಅಲ್ಲ, 21 ಬಗೆಯ ಅಂಗಾಂಶಗಳ ಹೆಣಿಗೆಯಾಗಿ ವರ್ಣಿಸಿದ. ಅದೂ ಸೂಕ್ಷ್ಮದರ್ಶಕದ ನೆರವಿಲ್ಲದೆ. 1838ರಲ್ಲಿ ಬರ್ಲಿನ್ನಿನ ಯೊಹಾನೆಸ್ ಮ್ಯುಲ್ಲರ್ ಗಡ್ಡೆಗಳೂ ಜೀವಕೋಶಗಳಿಂದಲೇ ಆದವು ಎಂದು ತೋರಿಸಿದ. ಆದರೆ ಆ ಕೋಶಗಳು ರೂಪವಿಲ್ಲದ ಯಾವುದೋ ದ್ರವದಿಂದ ಹೆಪ್ಪುಗಟ್ಟುತ್ತವೆ ಎಂಬ ನಂಬಿಕೆ ಉಳಿದೇ ಇತ್ತು. ಅದನ್ನು ಅಳಿಸಿದವರಲ್ಲಿ ಪ್ರಮುಖರು ರೆಮಾಕ್ ಮತ್ತು ಮ್ಯುಲ್ಲರನ ಶಿಷ್ಯ ಫಿರ್ಖೋ. ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ. ರೋಗಗ್ರಸ್ತ ಕೋಶವೂ ಇದಕ್ಕೆ ಹೊರತಲ್ಲ. 1858ರಲ್ಲಿ ಪ್ರಕಟವಾದ ಫಿರ್ಖೋನ ಉಪನ್ಯಾಸಗಳು ಈ ಮಾತನ್ನು ವೈದ್ಯಶಾಸ್ತ್ರದ ಅಡಿಪಾಯವಾಗಿಸಿದವು. ಕ್ಯಾನ್ಸರ್ ಹೊರಗಿನಿಂದ ಬಂದ ಭೂತವಲ್ಲ, ನಮ್ಮದೇ ಮನೆಯಲ್ಲಿ ಹುಟ್ಟಿ ದಾರಿ ತಪ್ಪಿದ ಸಂತಾನ ಎಂಬ ಅರಿವು ಮೂಡಿದ್ದು ಹೀಗೆ.

ಯಾವ ಕೋಶದ ಸಂತಾನ ಎಂಬ ಪ್ರಶ್ನೆಯಲ್ಲಿ ಮಾತ್ರ ಫಿರ್ಖೋ ಎಡವಿದ್ದ. ಎಲ್ಲ ಕ್ಯಾನ್ಸರ್‌ಗಳ ತವರು ಸಂಯೋಜಕ ಅಂಗಾಂಶ ಎಂದು ಅವನು ನಂಬಿದ್ದ. ಚರ್ಮ, ಬಾಯಿ, ಗಂಟಲು, ಕರುಳುಗಳ ಒಳಹೊರಗನ್ನು ಹೊದ್ದಿರುವ ಅನುಲೇಪಕ ಅಂಗಾಂಶದಿಂದಲೇ ಈ ಗಡ್ಡೆಗಳು ಹುಟ್ಟಿ ಕೆಳಕ್ಕೆ ನುಗ್ಗುತ್ತವೆಂದು 1860ರ ದಶಕದಲ್ಲಿ ಟಿಯೆರ್ಶ್ ಮತ್ತು ವಾಲ್ಡೆಯರ್ ತೋರಿಸಿದರು. ಫ್ರೆಡ್ರಿಕ್‌ನ ಕಥೆಯಲ್ಲಿ ಈ ವಾಲ್ಡೆಯರ್ ಮತ್ತೆ ಬರುತ್ತಾನೆ.

ಫಿರ್ಖೋನ ಉತ್ತರ ಬಂತು: ತನಗೆ ಕಳಿಸಿದ ತುಣುಕುಗಳಲ್ಲಿ ಕ್ಯಾನ್ಸರಿನ ಲಕ್ಷಣವಿಲ್ಲ, ಹೊದಿಕೆಯ ಪದರ ದಪ್ಪಗಾಗಿದೆ, ಅಷ್ಟೆ. ಇಡೀ ರೋಗದ ಬಗ್ಗೆ ಈ ತುಣುಕುಗಳಿಂದ ಖಚಿತವಾಗಿ ಹೇಳಲಾಗದೆಂಬ ಎಚ್ಚರವನ್ನೂ ಅವನು ಸೂಚಿಸಿದ್ದ. ಅರಮನೆ ಆ ಉತ್ತರದ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಿತು. ಶಸ್ತ್ರಕ್ರಿಯೆ ನಿಂತಿತು. ಜೂನ್ ತಿಂಗಳಲ್ಲಿ ಫ್ರೆಡ್ರಿಕ್ ತನ್ನ ಅತ್ತೆ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ಮೆರವಣಿಗೆಯಲ್ಲಿ ಕುದುರೆಯೇರಿ ಸಾಗಿದ. ನವೆಂಬರಿನಲ್ಲಿ, ಇಟಲಿಯ ಸಾನ್ ರೆಮೊದಲ್ಲಿ, ಅದು ಕ್ಯಾನ್ಸರೇ ಎಂದು ವೈದ್ಯರು ಒಪ್ಪಿಕೊಂಡರು. 1888ರ ಫೆಬ್ರವರಿಯಲ್ಲಿ ಉಸಿರಿಗಾಗಿ ಕತ್ತಿನಲ್ಲಿ ರಂಧ್ರ ಕೊರೆಯಬೇಕಾಯಿತು. ರೋಗಿಯ ಕಫವನ್ನು ಪರೀಕ್ಷಿಸಿ ರೋಗವನ್ನು ದೃಢಪಡಿಸಿದವನು ವಾಲ್ಡೆಯರ್. ಮಾರ್ಚ್ 9ರಂದು ತಂದೆ ತೀರಿಕೊಂಡಾಗ ಸಿಂಹಾಸನವೇರಿದವನು ಮಾತೇ ಹೊರಡದ, ಚೀಟಿಗಳಲ್ಲಿ ಬರೆದು ತಿಳಿಸುವ ಚಕ್ರವರ್ತಿ. 99 ದಿನಗಳ ಆಳ್ವಿಕೆಯ ನಂತರ, ಜೂನ್ 15ರಂದು, ಅವನು ತೀರಿಕೊಂಡ. ಉದಾರವಾದಿಗಳ ನಿರೀಕ್ಷೆಯಾಗಿದ್ದವನ ಜಾಗಕ್ಕೆ 29ರ ಹರೆಯದ ಮಗ ಎರಡನೆಯ ವಿಲ್‌ಹೆಲ್ಮ್ ಬಂದ. ಜರ್ಮನ್ ವೈದ್ಯರೂ ಮೆಕೆಂಜಿಯೂ ಪರಸ್ಪರರನ್ನು ದೂಷಿಸಿ ಗ್ರಂಥಗಳನ್ನೇ ಪ್ರಕಟಿಸಿದರು.

ಹಾಗಾದರೆ ಫಿರ್ಖೋ ಸುಳ್ಳು ಹೇಳಿದನೆ? ಇಲ್ಲ. ಗಂಟಲಿನ ಹೊದಿಕೆಯ ರಚನೆಯನ್ನು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಕೋಶಗಳು ಪದರಪದರವಾಗಿವೆ. ತೀರ ಕೆಳಗಿನ ಸಾಲು ವಿಭಜನೆಗೊಳ್ಳುತ್ತ ಹೊಸ ಕೋಶಗಳನ್ನು ಮೇಲಕ್ಕೆ ಕಳಿಸುತ್ತದೆ. ಅವು ಮೇಲೇರುತ್ತ ಚಪ್ಪಟೆಯಾಗಿ, ಕೊನೆಗೆ ಉದುರುತ್ತವೆ. ಈ ಸಾಲಿನ ಕೆಳಗೆ ತೆಳುವಾದೊಂದು ಆಧಾರಪೊರೆ. ಅದರಾಚೆಗೆ ಸಂಯೋಜಕ ಅಂಗಾಂಶ, ರಕ್ತನಾಳ, ದುಗ್ಧನಾಳ. ಹೊದಿಕೆ ಎಷ್ಟೇ ದಪ್ಪಗಾದರೂ ಈ ಪೊರೆಯ ಮೇರೆಯೊಳಗೆ ಇರುವವರೆಗೆ ಅದು ನುಗ್ಗುವ ಕ್ಯಾನ್ಸರ್ ಅಲ್ಲ. ಮೇರೆ ದಾಟಿದೆಯೆ ಎಂಬುದನ್ನು ನೋಡಲು ಮೇರೆಯೇ ತುಣುಕಿನೊಳಗಿರಬೇಕು. ಮೆಕೆಂಜಿಯ ಚಿಮಟ ಕಿತ್ತದ್ದು ಮೇಲ್ಪದರವನ್ನು. 1948ರಲ್ಲಿ ಅಮೆರಿಕದ ಆಕರ್‌ಮನ್ ಒಂದು ವಿಶಿಷ್ಟ ಬಗೆಯ ಕ್ಯಾನ್ಸರನ್ನು ವಿವರಿಸಿದ: ನರೂಲಿಯಂತೆ ಬೆಳೆಯುವ, ಮೇಲ್ಭಾಗದ ಕೋಶಗಳು ಸಾಧುವಾಗಿಯೇ ಕಾಣುವ ಗಡ್ಡೆ. ಫ್ರೆಡ್ರಿಕ್‌ನದು ಅದೇ ಆಗಿದ್ದಿರಬಹುದೆಂದು ಕೆಲವು ತಜ್ಞರು ಊಹಿಸಿದ್ದಾರೆ.

ಕೋಶ ಏಕೆ ಮೇರೆ ಮೀರುತ್ತದೆ ಎಂಬುದಕ್ಕೆ 19ನೆಯ ಶತಮಾನದಲ್ಲಿ ಉತ್ತರವಿರಲಿಲ್ಲ. ಕಡಲಚಿಳ್ಳೆಯ ಮೊಟ್ಟೆಗಳಲ್ಲಿ ವರ್ಣತಂತುಗಳ ಹಂಚಿಕೆ ಕೆಡುವುದನ್ನು ನೋಡಿದ್ದ ಥಿಯೊಡೋರ್ ಬೊವೆರಿ, ಗಡ್ಡೆಯ ಮೂಲವೂ ಅಂಥದೇ ಎಡವಟ್ಟಿನಲ್ಲಿರಬೇಕೆಂದು 1914ರಲ್ಲಿ ಬರೆದ. ಒಂದೇ ತಪ್ಪಿನಿಂದ ಹೀಗಾಗುವುದಿಲ್ಲ, ವರ್ಷಗಳುದ್ದಕ್ಕೂ ಒಂದರ ಮೇಲೊಂದು ತಪ್ಪು ಕೂಡಬೇಕು ಎಂಬ ತಿಳಿವಳಿಕೆ 20ನೆಯ ಶತಮಾನದ ಉತ್ತರಾರ್ಧದ್ದು. ಆ ತಪ್ಪುಗಳನ್ನು ಕೂಡಿಸುವುದರಲ್ಲಿ ತಂಬಾಕಿನ ಪಾಲು ದೊಡ್ಡದು. 1941ರಲ್ಲಿ ಮುಂಬಯಿಯ ಪರೇಲ್‌ನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅಲ್ಲಿನ ಪ್ರಯೋಗಾಲಯದ ಹೊಣೆ ಹೊತ್ತ ವಿ. ಆರ್. ಖಾನೋಲ್ಕರ್, ನಮ್ಮ ನಾಡಿನ ಬಾಯಿ-ಗಂಟಲಿನ ಕ್ಯಾನ್ಸರ್‌ಗಳನ್ನು ಜನರ ರೂಢಿಗಳೊಂದಿಗೆ ಹೊಂದಿಸಿ ಅಧ್ಯಯನ ಮಾಡಿದ್ದು ಇದೇ ಪರಂಪರೆಯ ಮುಂದುವರಿಕೆ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಫಿರ್ಖೋನ ವರದಿ ಪರಿಚಿತವಾದ ಕಡತದಂತೆ ತೋರುತ್ತದೆ. ಕೆಳಗಿನವರು ಷರತ್ತಿನೊಂದಿಗೆ ಬರೆದ ಟಿಪ್ಪಣಿ ಮೇಲೆ ಹೋದಂತೆ ಷರತ್ತು ಉದುರಿ, ತೀರ್ಮಾನವಷ್ಟೇ ಉಳಿಯುತ್ತದೆ. 'ಈ ತುಣುಕಿನಲ್ಲಿ ಕಾಣಲಿಲ್ಲ' ಎಂಬುದು 'ರೋಗವಿಲ್ಲ' ಎಂದಾಗುವುದಕ್ಕೆ ಯಾರೂ ಸುಳ್ಳು ಹೇಳಬೇಕಿಲ್ಲ. ಒಳ್ಳೆಯ ಸುದ್ದಿಗಾಗಿ ಕಾದವರು ಇದ್ದರೆ ಸಾಕು. ಇಂದಿಗೂ ಬಯಾಪ್ಸಿಯ ಉತ್ತರ ಬಂದ ಮೇಲೆ, ಗಂಟು ಬೆಳೆಯುತ್ತಲೇ ಇದ್ದರೆ, ವೈದ್ಯರು ಮತ್ತೊಂದು ತುಣುಕು ಬೇಕೆನ್ನುತ್ತಾರೆ, ಈ ಸಲ ಇನ್ನೂ ಆಳದಿಂದ. ಮನೆಯವರಿಗೆ ಅದು ಅನುಮಾನದಂತೆ, ಹಣ ಕೀಳುವ ಹುನ್ನಾರದಂತೆ ಕಾಣುವುದುಂಟು. ಆ ಬೇಡಿಕೆಯ ಹಿಂದೆ 1887ರ ಬರ್ಲಿನ್ ಕಲಿಸಿದ ಪಾಠವೂ ಇದೆ.