ರೋಗಿ ಮಲಗುವ ಕೋಣೆಗೆ ಎಸಿ, ಕೂಲರ್, ಹೀಟರ್: ಆಯ್ಕೆ ಹೇಗೆ, ಆರೈಕೆ ಹೇಗೆ?

ಎಸಿ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳುವುದು ‘ಕೋಣೆ ಎಷ್ಟು ಚದರಡಿ?’ ಎಂದು. ಮನೆಯಲ್ಲಿ ವಯಸ್ಸಾದವರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು, ಹಾಸಿಗೆ ಹಿಡಿದವರು ಇದ್ದರೆ ಅದಕ್ಕೂ ಮೊದಲು ಬೇರೆ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಆ ಕೋಣೆಯಲ್ಲಿ ಹಗಲು ರಾತ್ರಿ ಇರುವವರು ಯಾರು? ನೀವಿರುವ ಊರಿನ ಗಾಳಿ ಒಣಗಾಳಿಯೋ, ತೇವದ ಗಾಳಿಯೋ? ದೆಹಲಿಯಲ್ಲಿರುವ ತಮ್ಮನ ಮನೆಯಲ್ಲಿ ಚೆನ್ನಾಗಿ ತಂಪು ಕೊಡುವ ಕೂಲರ್ ಮುಂಬೈಯಲ್ಲಿರುವ ಅಕ್ಕನ ಮನೆಯಲ್ಲಿ ಏಕೆ ನಿರುಪಯೋಗಿ ಎಂಬುದೂ, ಚಳಿಗಾಲದಲ್ಲಿ ಕೆಲವು ಮನೆಗಳಲ್ಲಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಹೋಗುವುದು ಏಕೆ ಎಂಬುದೂ ಈ ಪ್ರಶ್ನೆಗಳಿಂದ ಗೊತ್ತಾಗುತ್ತದೆ.

ದೇಹ ಸೆಖೆಯನ್ನು ಹೇಳದೇ ಇರಬಹುದು

ಆರೋಗ್ಯವಂತ ದೇಹ ಬೆವರುತ್ತದೆ, ಚರ್ಮಕ್ಕೆ ಹೆಚ್ಚು ರಕ್ತ ಕಳಿಸಿ ಶಾಖವನ್ನು ಹೊರಹಾಕುತ್ತದೆ, ಬಾಯಾರಿಕೆಯಿಂದ ಎಚ್ಚರಿಸುತ್ತದೆ. ವಯಸ್ಸಾದಂತೆ ಈ ಮೂರೂ ಮಂದವಾಗುತ್ತವೆ. ಮೇಲಿಂದ ಕೆಲವು ಔಷಧಿಗಳ ಪ್ರಭಾವವೂ ಸೇರುತ್ತದೆ. ಬಿಪಿ ಮತ್ತು ಹೃದಯ ವೈಫಲ್ಯಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಕಡಿಮೆ ಮಾಡುತ್ತವೆ. ಬೀಟಾ ಬ್ಲಾಕರ್‌ಗಳು ಶಾಖಕ್ಕೆ ಹೃದಯ ಸ್ಪಂದಿಸುವ ರೀತಿಯನ್ನು ತಗ್ಗಿಸುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಹಲವು ಔಷಧಿಗಳು ಮತ್ತು ಪಾರ್ಕಿನ್ಸನ್ ಕಾಯಿಲೆಯ ಕೆಲವು ಮಾತ್ರೆಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ. ಹಾಗೆಂದು ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬೇಸಿಗೆ ಶುರುವಾಗುವ ಮೊದಲು ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ಒಮ್ಮೆ ಕೇಳಿ. ನೀರಿನ ಮಿತಿ ಹಾಕಿಸಿಕೊಂಡಿರುವ ಹೃದ್ರೋಗಿ ಮತ್ತು ಕಿಡ್ನಿ ರೋಗಿಗಳು ಸೆಖೆಗಾಲದಲ್ಲಿ ಎಷ್ಟು ನೀರು ಕುಡಿಯಬೇಕು ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.

‘ನನಗೇನೂ ಸೆಖೆ ಇಲ್ಲ ಮಗಾ, ಸುಮ್ಮನೆ ಯಾಕೆ ಕರೆಂಟ್ ಸುಡ್ತೀಯ’ ಎಂದು ಊರಿಂದ ಬಂದ ಅಮ್ಮ ಹೇಳುವುದನ್ನು ಹಾಗಾಗಿ ಪೂರ್ತಿ ನಂಬಬೇಕಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಅವರ ದೇಹವೇ ಅವರಿಗೆ ಸರಿಯಾಗಿ ಹೇಳುತ್ತಿಲ್ಲ. ಎಸಿಗಿಂತ ಮೊದಲು ಕೊಳ್ಳಬೇಕಾದದ್ದು ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಒಂದು ಪುಟ್ಟ ಗೋಡೆ ಮೀಟರ್. ಅದನ್ನು ಮಂಚದ ತಲೆಭಾಗದ ಹತ್ತಿರ, ಬಿಸಿಲು ಬೀಳದ ಕಡೆ ತೂಗುಹಾಕಿ. ಬಿಸಿಗಾಳಿಯ ದಿನಗಳಲ್ಲಿ ಕೋಣೆ ಹಗಲಿನಲ್ಲಿ 32 ಡಿಗ್ರಿಗಿಂತ, ರಾತ್ರಿ 24 ಡಿಗ್ರಿಗಿಂತ ಕೆಳಗಿರಲಿ, 60 ದಾಟಿದವರಿಗೂ ಶಿಶುಗಳಿಗೂ ಇದು ಮುಖ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇ ತಿಂಗಳ ಚೆನ್ನೈಯಲ್ಲಿ ಬರೀ ಫ್ಯಾನ್‌ನಿಂದ 24ಕ್ಕೆ ಇಳಿಸುವುದು ಆಗದ ಮಾತು. ಮನೆಯಲ್ಲಿ ಒಂದೇ ಎಸಿಗೆ ಹಣವಿದ್ದರೆ ಅದು ಹಾಲ್‌ಗೆ ಬೇಡ, ರೋಗಿ ಮಲಗುವ ಕೋಣೆಗೆ ಹೋಗಲಿ.

ಫ್ಯಾನ್, ಕೂಲರ್, ಎಸಿ: ಊರು ನೋಡಿ ಆರಿಸಿ

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಬೇಗ ಆರಿಸುತ್ತದೆ ಅಷ್ಟೆ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದರೆ ಅದೇ ಫ್ಯಾನ್ ಬಿಸಿಗಾಳಿಯನ್ನು ಮೈಮೇಲೆ ಸುರಿದು ದೇಹವನ್ನು ಇನ್ನಷ್ಟು ಕಾಯಿಸುತ್ತದೆ. ಬೆವರು ಕಡಿಮೆ ಇರುವ ವೃದ್ಧರಲ್ಲಿ ಅದಕ್ಕೂ ಮೊದಲೇ ಫ್ಯಾನ್‌ನ ಲಾಭ ಮುಗಿಯುತ್ತದೆ. ಮೈಯನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಿ ಫ್ಯಾನ್ ಹಾಕುವುದು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ.

ಕೂಲರ್ ನೀರನ್ನು ಆವಿ ಮಾಡಿ ತಂಪು ಕೊಡುತ್ತದೆ. ನೀರು ಆವಿಯಾಗಬೇಕಾದರೆ ಗಾಳಿ ಒಣಗಿರಬೇಕು. ಆದ್ದರಿಂದ ಏಪ್ರಿಲ್‌ನಿಂದ ಜೂನ್ ನಡುವಿನ ದೆಹಲಿಯಲ್ಲಿ, ಏಪ್ರಿಲ್–ಮೇ ತಿಂಗಳ ಹೈದರಾಬಾದ್ ಮತ್ತು ಪುಣೆಯಲ್ಲಿ ಅದು ಕಡಿಮೆ ಖರ್ಚಿನ ಒಳ್ಳೆಯ ಸಾಧನ. ಮುಂಬೈ, ಚೆನ್ನೈಗಳಲ್ಲಿ ಸಮುದ್ರದ ಗಾಳಿ ಮೊದಲೇ ನೀರು ಕುಡಿದಿರುತ್ತದೆ, ಕೂಲರ್ ಅದಕ್ಕೆ ಇನ್ನಷ್ಟು ತೇವ ಸೇರಿಸಿ ಕೋಣೆಯನ್ನು ಅಂಟಂಟು ಮಾಡುತ್ತದೆ. ಮಳೆ ಶುರುವಾದ ಮೇಲೆ ದೆಹಲಿಯಲ್ಲೂ ಇದೇ ಕತೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಕೂಲರ್ ಹಾಕಿದಾಗ ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಎಲ್ಲವನ್ನೂ ಮುಚ್ಚಿದರೆ ತೇವ ಹೊರಹೋಗದೆ ಅರ್ಧ ಗಂಟೆಯಲ್ಲೇ ತಂಪು ನಿಲ್ಲುತ್ತದೆ. ಕೂಲರ್ ಹೊರಗಿನ ಧೂಳನ್ನೂ ಒಳಗೆ ಎಳೆಯುತ್ತದೆ. ಅದರ ಹುಲ್ಲಿನ ಪ್ಯಾಡ್‌ನಲ್ಲಿ ಬೂಷ್ಟು ಬೆಳೆಯುತ್ತದೆ. ಆಸ್ತಮಾ, ಸಿಒಪಿಡಿ ಇರುವವರ ಕೋಣೆಗೆ ಒಣ ಊರಿನಲ್ಲೂ ಎಸಿಯೇ ಮೇಲು.

ಎಸಿಯ ‘ಟನ್’ ಯಂತ್ರದ ತೂಕವಲ್ಲ. 24 ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ಹೊರಹಾಕುವ ಶಕ್ತಿ ಅದು, ಸುಮಾರು 3.5 ಕಿಲೋವ್ಯಾಟ್. ಸುಮಾರು 100ರಿಂದ 120 ಚದರಡಿಯ ಕೋಣೆಗೆ ಒಂದು ಟನ್ ಸಾಕಾಗುತ್ತದೆ. ಮೇಲೆ ತಾರಸಿಯಿದ್ದರೆ, ಪಶ್ಚಿಮದ ಗೋಡೆಗೆ ಬಿಸಿಲು ಹೊಡೆಯುತ್ತಿದ್ದರೆ ಒಂದು ಹಂತ ಮೇಲಿನದು ಬೇಕು. ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟಿದ್ದರೆ ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ‘ದೊಡ್ಡದೇ ಇರಲಿ’ ಎಂದು ಕೊಂಡರೂ ತೊಂದರೆ: ಅತಿ ದೊಡ್ಡ ಎಸಿ ಬೇಗ ತಂಪು ಮಾಡಿ ಬೇಗ ನಿಂತುಬಿಡುತ್ತದೆ, ತೇವಾಂಶ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಕರಾವಳಿ ನಗರಗಳಲ್ಲಿ ಆಗ ಕೋಣೆ ತಣ್ಣಗೂ ಒದ್ದೆಯಾಗಿಯೂ ಇರುತ್ತದೆ. ರಾತ್ರಿಯಿಡೀ ಓಡಬೇಕಾದ ಎಸಿಗೆ ಇನ್ವರ್ಟರ್ ಮಾದರಿ ಸರಿ, ಏಕೆಂದರೆ ಅದು ನಿಂತು ಶುರುವಾಗುವ ಬದಲು ವೇಗ ತಗ್ಗಿಸಿಕೊಂಡು ಓಡುತ್ತದೆ. ಸ್ಟಾರ್‌ಗಳ ಮಾನದಂಡ ಕೆಲವು ವರ್ಷಗಳಿಗೊಮ್ಮೆ ಬಿಗಿಯಾಗುವುದರಿಂದ ಹಳೆಯ ದಾಸ್ತಾನಿನ ಐದು ಸ್ಟಾರ್ ಹೊಸ ಐದು ಸ್ಟಾರ್‌ಗೆ ಸಮವಲ್ಲ. ಲೇಬಲ್ ಮೇಲಿನ ಐಸೀರ್ ಅಂಕಿಯನ್ನೇ ಹೋಲಿಸಿ, ಅದು ಹೆಚ್ಚಿದ್ದಷ್ಟೂ ಕರೆಂಟ್ ಕಡಿಮೆ.

2020ರ ಜನವರಿಯಿಂದ ದೇಶದಲ್ಲಿ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕೆಂಬ ನಿಯಮವಿದೆ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಬಹುಪಾಲು ಭ್ರಮೆ. ಹೆಚ್ಚಿನವರಿಗೆ 26–27 ಡಿಗ್ರಿ, ಜೊತೆಗೆ ನಿಧಾನವಾಗಿ ತಿರುಗುವ ಫ್ಯಾನ್ ಸಾಕು. 27 ಡಿಗ್ರಿಯ ಜೊತೆ ಫ್ಯಾನ್ ಇದ್ದರೆ ಸುಮಾರು 4 ಡಿಗ್ರಿ ಕಡಿಮೆ ಇದ್ದಂತೆ ಅನಿಸುತ್ತದೆ. ಎಸಿಯ ಗಾಳಿ ನೇರ ಮಂಚದ ಮೇಲೆ ಬೀಳಬಾರದು. ಪಾರ್ಶ್ವವಾಯು ಆದವರಿಗೆ ಮಗ್ಗುಲು ಬದಲಿಸಲು, ಹೊದಿಕೆ ಎಳೆದುಕೊಳ್ಳಲು ಆಗುವುದಿಲ್ಲ. ಆಸ್ತಮಾ ಇರುವವರಿಗೆ ತಣ್ಣನೆಯ ಗಾಳಿಯೇ ಕೆಮ್ಮು ತರಿಸುತ್ತದೆ.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳತರುವುದಿಲ್ಲ, ಒಳಗಿನದ್ದನ್ನೇ ಸುತ್ತಿಸುತ್ತದೆ. ಶ್ವಾಸಕೋಶದ ಟಿಬಿಗೆ ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಿ ರೋಗಿಯನ್ನು ಮುಚ್ಚಿದ ಎಸಿ ಕೋಣೆಯಲ್ಲಿ ಇತರರೊಂದಿಗೆ ಇರಿಸುವುದು ಸರಿಯಲ್ಲ. ಅವರಿಗೆ ಕಿಟಕಿ ತೆರೆದ, ಗಾಳಿಯಾಡುವ ಪ್ರತ್ಯೇಕ ಕೋಣೆಯೇ ಬೇಕು. ಎಸಿಯ ಜಾಲರಿ ಫಿಲ್ಟರ್ ಧೂಳು ಹಿಡಿಯುತ್ತದೆಯೇ ಹೊರತು ದೆಹಲಿಯ ಚಳಿಗಾಲದ ಸೂಕ್ಷ್ಮ ಕಣಗಳನ್ನಲ್ಲ. ಅದಕ್ಕೆ ಹೆಪಾ ಫಿಲ್ಟರಿನ ಪ್ಯೂರಿಫೈಯರ್ ಬೇರೆಯೇ ಬೇಕು.

ಚಳಿಗಾಲದ ನಿಜವಾದ ಅಪಾಯ

ಮುಂಬೈ, ಚೆನ್ನೈಯವರು ಈ ಭಾಗವನ್ನು ಗೀಸರ್ ವಿಷಯಕ್ಕಾದರೂ ಓದಿ. ಪುಣೆ, ಹೈದರಾಬಾದ್‌ಗಳಲ್ಲಿ ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಿಗೆ ಹೀಟರ್ ಬೇಕಾಗಬಹುದು, ದೆಹಲಿಯಲ್ಲಿ ಖಂಡಿತ ಬೇಕು. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಳಿಗೆ ರಕ್ತನಾಳಗಳು ಸಂಕುಚಿಸಿ ಬಿಪಿ ಏರುತ್ತದೆ, ಹೃದ್ರೋಗಿಗಳಿಗೆ ಅದು ಒಳ್ಳೆಯದಲ್ಲ.

ಇದ್ದಿಲಿನ ಅಂಗೀಠಿ, ಕೆಂಡದ ಬಟ್ಟಲು, ಸೀಮೆಎಣ್ಣೆ ಒಲೆ, ಗ್ಯಾಸ್ ಹೀಟರ್ ಇವು ಯಾವುವನ್ನೂ ಮಲಗುವ ಕೋಣೆಯೊಳಗೆ ತರಬೇಡಿ. ‘ಸ್ವಲ್ಪ ಹೊತ್ತು’ ಎಂಬುದೂ ಬೇಡ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಹೊಗೆ ಕಾಣದ ಕೆಂಡವೇ ಹೆಚ್ಚು ಮೋಸ ಮಾಡುವುದು. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇದರ ಲಕ್ಷಣ. ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಇದನ್ನೇ ಮೊದಲು ಶಂಕಿಸಿ.

ಆರೈಕೆ ಮಾಡುವವರು ಇಲ್ಲೊಂದು ಸಂಗತಿ ತಿಳಿದಿರಲೇಬೇಕು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಈ ವಿಷಾನಿಲ ಅಂಟಿದ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ರೋಗಿ ಪ್ರಾಣಾಪಾಯದಲ್ಲಿದ್ದರೂ ಅದು 98 ಎಂದು ತೋರಿಸಬಹುದು. ಆ ಅಂಕಿ ನೋಡಿ ಸುಮ್ಮನಿರಬೇಡಿ. ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ತಂದು 112ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಕೋಣೆಯಲ್ಲಿ ಕೆಂಡ ಇತ್ತು’ ಎಂದು ಮೊದಲ ವಾಕ್ಯದಲ್ಲೇ ಹೇಳಿ, ರಕ್ತಪರೀಕ್ಷೆ ಮತ್ತು ಚಿಕಿತ್ಸೆ ಎರಡೂ ಅದರ ಮೇಲೆ ನಿಂತಿವೆ. ಗಾಳಿಯಾಡದ ಬಚ್ಚಲಿನಲ್ಲಿ ಹಾಕಿದ ಗ್ಯಾಸ್ ಗೀಸರ್‌ನಿಂದಲೂ ಇದೇ ಅನಿಲ ಬರುತ್ತದೆ. ಅಂಥ ಗೀಸರ್ ಬಚ್ಚಲಿನ ಹೊರಗಿರಲಿ.

ವಿದ್ಯುತ್ ಹೀಟರ್ ‘ಆಕ್ಸಿಜನ್ ತಿನ್ನುತ್ತದೆ’ ಎಂಬ ಮಾತು ತಪ್ಪು. ಅದರಲ್ಲಿ ಏನೂ ಉರಿಯುವುದಿಲ್ಲ. ಗಾಳಿ ಬಿಸಿಯಾದಾಗ ಒಣಗಿದಂತೆ ಅನಿಸಿ ಮೂಗು, ಗಂಟಲು ಉರಿಯುತ್ತದೆ ಅಷ್ಟೆ. ಕೆಂಪಗೆ ಕಾಯುವ ರಾಡ್ ಹೀಟರ್ ಎದುರಿಗೆ ಕೂತವರನ್ನು ಬೇಗ ಬೆಚ್ಚಗಾಗಿಸುತ್ತದೆ, ಆದರೆ ಸೀರೆಯ ಸೆರಗು, ಹೊದಿಕೆಯ ಅಂಚು ತಗುಲಿದರೆ ಬೆಂಕಿ. ರೋಗಿಯ ಕೋಣೆಗೆ ಎಣ್ಣೆ ತುಂಬಿದ ರೇಡಿಯೇಟರ್ ಹೆಚ್ಚು ಸೂಕ್ತ: ನಿಧಾನವಾಗಿ ಕಾಯುತ್ತದೆ, ಸದ್ದಿಲ್ಲ, ಧೂಳು ಎಬ್ಬಿಸುವುದಿಲ್ಲ. ಖರ್ಚಿನಲ್ಲಿ ಮಾತ್ರ ಇವೆರಡೂ ಒಂದೇ, 2,000 ವ್ಯಾಟ್‌ನದ್ದು ಪೂರ್ತಿ ಓಡಿದರೆ ಗಂಟೆಗೆ ಎರಡು ಯೂನಿಟ್. ಹೇಗೂ ಎಸಿ ಕೊಳ್ಳುತ್ತಿರುವ ದೆಹಲಿಯವರು ಬಿಸಿ–ತಂಪು ಎರಡೂ ಕೊಡುವ ಇನ್ವರ್ಟರ್ ಎಸಿಯನ್ನು ನೋಡಬಹುದು. ಅದು ಹೊರಗಿನ ಶಾಖವನ್ನು ಒಳಗೆ ಸಾಗಿಸುವುದರಿಂದ ಅಷ್ಟೇ ಬೆಚ್ಚಗಿಗೆ ಹೀಟರ್‌ಗಿಂತ ಬಹಳ ಕಡಿಮೆ ಕರೆಂಟ್ ಸಾಕು.

ಮನೆಯಲ್ಲಿ ಆಕ್ಸಿಜನ್ ಬಳಸುತ್ತಿದ್ದರೆ ಬೆಂಕಿ ಮತ್ತು ಕೆಂಪಗೆ ಕಾಯುವ ಹೀಟರ್ ಎರಡೂ ಕನಿಷ್ಠ 3 ಮೀಟರ್ ದೂರವಿರಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹೀಟರ್ ಮುಂದೆ ಕಾಲು ಚಾಚುವುದು, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುವುದು ಬೇಡ. ಸುಟ್ಟದ್ದು ಅವರಿಗೆ ಬೆಳಿಗ್ಗೆ ಗುಳ್ಳೆ ಕಂಡಾಗಲೇ ಗೊತ್ತಾಗುವುದು. ಉಣ್ಣೆಯ ಸಾಕ್ಸ್ ಸಾಕು.

ಆರೈಕೆ: ಯಾವುದನ್ನು ನೀವು, ಯಾವುದನ್ನು ಮೆಕ್ಯಾನಿಕ್

ಎಸಿಯ ಜಾಲರಿ ಫಿಲ್ಟರನ್ನು ಬಳಕೆಯ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ರೋಗಿಯನ್ನು ಆ ಹೊತ್ತು ಬೇರೆ ಕೋಣೆಯಲ್ಲಿ ಕೂರಿಸಿ. ಒಳಗಿನ ಕಾಯಿಲ್, ಬ್ಲೋವರ್ ಮತ್ತು ನೀರು ಹೋಗುವ ಕೊಳವೆಯನ್ನು ಬೇಸಿಗೆಗೆ ಮೊದಲು ಮೆಕ್ಯಾನಿಕ್‌ನಿಂದ ತೊಳೆಸಿ. ಆನ್ ಮಾಡಿದಾಗ ಮುಗ್ಗಲು ವಾಸನೆ ಬಂದರೆ ಒಳಗೆ ಬೂಷ್ಟು ಇದೆ ಎಂದರ್ಥ. ಸೆಂಟ್ ಹೊಡೆದು ಅದನ್ನು ಮುಚ್ಚಬೇಡಿ.

‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು’ ಎಂದು ಪ್ರತಿ ವರ್ಷ ಬಿಲ್ ಮಾಡುವವರನ್ನು ಸ್ವಲ್ಪ ಪ್ರಶ್ನಿಸಿ. ಎಸಿಯ ಅನಿಲ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕಿ ಮುಚ್ಚದೆ ತುಂಬಿಸಿದರೆ ದುಡ್ಡು ದಂಡ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಹೊರಘಟಕ ಬೇಗ ಸವೆಯುವುದರಿಂದ ಅಲ್ಲಿ ಈ ತಪಾಸಣೆ ಮುಖ್ಯ.

ಕೂಲರ್‌ನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸೆಖೆಗಾಲದಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ತೊಟ್ಟಿಯ ಗೋಡೆಗೆ ಅಂಟಿರುತ್ತವೆ. ಉಜ್ಜಿ ತೊಳೆದು ಒಣಗಿಸಿ. ಸೀಸನ್ ಮುಗಿದ ಮೇಲೆ ತೊಟ್ಟಿಯನ್ನು ಮಗುಚಿ ಇಡಿ.

ಹೀಟರ್, ಎಸಿ ಎರಡನ್ನೂ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್‌ಗೆ ನೇರ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪ್ಲಗ್ ಮುಟ್ಟಿದರೆ ಬಿಸಿಯೆನಿಸಿದರೆ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬಾಡಿಗೆ ಮನೆಯಾದರೆ ಆರ್‌ಸಿಸಿಬಿ ಇದೆಯೇ ಎಂದು ಮನೆ ಮಾಲೀಕರನ್ನು ಕೇಳಿ.

ಕರೆಂಟ್ ಹೋದಾಗ

ಮನೆಯ ಸಾಮಾನ್ಯ ಇನ್ವರ್ಟರ್ ಬ್ಯಾಟರಿ ಎಸಿಯನ್ನು ಓಡಿಸುವುದಿಲ್ಲ, ಫ್ಯಾನ್ ಓಡಿಸುತ್ತದೆ. ಕಾನ್ಸಂಟ್ರೇಟರ್ ಬಳಸುವವರು ಒಂದು ತುಂಬಿದ ಸಿಲಿಂಡರ್ ಇಟ್ಟುಕೊಳ್ಳಿ. ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿ ದಾಟಬಾರದು; ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿ ಇಡಬಹುದು. ಆದರೆ ಈ ಉಪಾಯವೂ ಕೂಲರ್‌ನಂತೆ ಒಣ ಊರಿಗೇ ಸರಿ. ಮುಂಬೈ, ಚೆನ್ನೈಯವರು ಮುಚ್ಚಿದ ಫ್ರಿಜ್‌ನಲ್ಲೇ ಇರಿಸಿ, ಮಂಜುಗಡ್ಡೆಗೆ ಮಾತ್ರ ತಾಗಿಸಬೇಡಿ. ರೋಗಿಯನ್ನು ಮನೆಯ ಅತ್ಯಂತ ತಂಪಾದ ಕೋಣೆಗೆ ಕರೆದೊಯ್ಯಿರಿ, ರೆಕ್ಸಿನ್ ಹಾಸು ತೆಗೆದು ಹತ್ತಿಯ ಹಾಸು ಹಾಕಿ.

ಮಾತು ತೊದಲುವುದು, ಗೊಂದಲ, ಸುಡುವ ಮೈ, ಎಚ್ಚರ ತಪ್ಪುವುದು ಕಂಡರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ, ಬೆವರು ಇದ್ದರೂ ಸರಿ. 112ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.