ತೆಗೆದವರೇ ನೋಡದ ಫೋಟೊ

ಫೋನಿನಲ್ಲಿ ಫೋಟೊ ತೆಗೆದ ಕೂಡಲೇ ನಾವು ನೋಡಿಬಿಡುತ್ತೇವೆ. ಹಿಂದಿನ ಪತ್ರಿಕಾ ಛಾಯಾಗ್ರಾಹಕರಿಗೆ ಆ ಅನುಕೂಲ ಇರಲಿಲ್ಲ.

ಅಮೆರಿಕದ ಪತ್ರಿಕೆಯವರು ದಶಕಗಳ ಕಾಲ ಹೊತ್ತು ತಿರುಗಿದ್ದು ಸ್ಪೀಡ್ ಗ್ರಾಫಿಕ್ ಎಂಬ ದಪ್ಪ ಪೆಟ್ಟಿಗೆಯಂಥ ಕ್ಯಾಮೆರಾ. 1912ರಲ್ಲಿ ಬಂದದ್ದು 1973ರವರೆಗೂ ತಯಾರಾಯಿತು. ಹೆಚ್ಚಾಗಿ ಬಳಸುತ್ತಿದ್ದದ್ದು 4 ಇಂಚು ಅಗಲ, 5 ಇಂಚು ಉದ್ದದ ಬಿಡಿ ಫಿಲ್ಮ್ ಹಾಳೆ. ಸಾಮಾನ್ಯ ಹೋಲ್ಡರ್‌ನಲ್ಲಿ ಎರಡೇ ಹಾಳೆ, ಬದಿಗೊಂದು. ಕತ್ತಲಲ್ಲಿ ಪ್ರತಿ ಫೋಟೊಗೂ ಒಂದು ಫ್ಲಾಶ್ ಬಲ್ಬ್ ಸುಟ್ಟುಹೋಗುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ, 1945ರ ಫೆಬ್ರವರಿ 23ರಂದು, ಜಪಾನಿನ ಇವೊ ಜಿಮಾ ದ್ವೀಪದ ಬೆಟ್ಟದ ಮೇಲೆ ಅಮೆರಿಕದ ಸೈನಿಕರು ಧ್ವಜ ಏರಿಸುವುದನ್ನು ಜೋ ರೋಸೆಂತಾಲ್ ಈ ಕ್ಯಾಮೆರಾದಲ್ಲೇ ತೆಗೆದರು. ಆಮೇಲೆ ಸೈನಿಕರನ್ನು ನಿಲ್ಲಿಸಿ ಒಂದು ಗುಂಪು ಫೋಟೊ ಕೂಡ ತೆಗೆದರು. ಫಿಲ್ಮ್ ತೊಳೆಯಲು ಗುವಾಮ್ ದ್ವೀಪಕ್ಕೆ ಹೋಯಿತು. ಧ್ವಜದ ಚಿತ್ರ ಎಲ್ಲೆಡೆ ಹೆಸರಾಯಿತು. ಅವರಿನ್ನೂ ಅದನ್ನು ನೋಡಿರಲಿಲ್ಲ. ಸೈನಿಕರನ್ನು ನಿಲ್ಲಿಸಿ ತೆಗೆದಿರಾ ಎಂದು ಯಾರೋ ಕೇಳಿದಾಗ, ಗುಂಪು ಫೋಟೊದ ಮಾತೆಂದುಕೊಂಡು ಹೌದೆಂದರು. ಅಲ್ಲಿಂದ ಹುಟ್ಟಿದ ಅನುಮಾನ ಜೀವನವಿಡೀ ಕಾಡಿತು. ಪಕ್ಕದಲ್ಲೇ ನಿಂತು ಸೈನಿಕನೊಬ್ಬ ತೆಗೆದ ಚಲನಚಿತ್ರವೇ ಅವರ ಪರ ಸಾಕ್ಷಿಯಾಯಿತು.

ನೀವು ಊರಿನ ಫೋಟೊ ಕಳಿಸಿದಾಗ ಯಾವಾಗ, ಹೇಗೆ ತೆಗೆದಿರಿ ಎಂದು ನಾವು ಕೇಳುವುದು ಇದಕ್ಕೇ. ಪಕ್ಕದಲ್ಲಿ ಸಾಕ್ಷಿ ಎಲ್ಲರಿಗೂ ಸಿಗುವುದಿಲ್ಲ.