ಸಾರ್ವಜನಿಕ ಗ್ರಂಥಾಲಯಗಳಲ್ಲಿ ಜಾಗದ ಯೋಜನೆ ಮತ್ತು ಮೌಲ್ಯಮಾಪನ: ಬೀದರ್ ಸೀಮೆ

ಗ್ರಂಥಾಲಯದ ಒಳಗಿರುವ ಜಾಗವನ್ನು ಕಪಾಟು, ಕುರ್ಚಿ-ಮೇಜು, ಓಡಾಟ, ಮಕ್ಕಳ ಮೂಲೆ, ಸಿಬ್ಬಂದಿಯ ಕೆಲಸ ಇವುಗಳಿಗೆ ಹಂಚುವುದು ಜಾಗದ ಯೋಜನೆ. ಹಾಗೆ ಹಂಚಿದ ಜಾಗ ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟರಮಟ್ಟಿಗೆ ಒದಗಿತು ಎಂದು ಅಳೆದು ನೋಡುವುದು ಮೌಲ್ಯಮಾಪನ. ನಮ್ಮಲ್ಲಿ ಮೊದಲನೆಯದು ಕಟ್ಟಡ ಕಟ್ಟುವಾಗ ಒಮ್ಮೆ ನಡೆದು ಮುಗಿಯುತ್ತದೆ. ಎರಡನೆಯದು ನಡೆಯುವುದೇ ಅಪರೂಪ. ಗ್ರಂಥಾಲಯ ಎಷ್ಟು ಚೆನ್ನಾಗಿದೆ ಎಂದು ಕೇಳಿದರೆ ಎಷ್ಟು ಪುಸ್ತಕಗಳಿವೆ, ಎಷ್ಟು ಸದಸ್ಯರಿದ್ದಾರೆ ಎಂಬ ಉತ್ತರ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಎಷ್ಟು ಕುರ್ಚಿಗಳು ತುಂಬಿದ್ದವು ಎಂಬುದಕ್ಕೆ ಉತ್ತರ ಯಾವ ವಹಿಯಲ್ಲೂ ಇರುವುದಿಲ್ಲ.

ಹಿನ್ನೆಲೆ

ಓದುವ ಜಾಗವನ್ನು ಯೋಚಿಸಿ ಕಟ್ಟಿದ ಹಳೆಯ ಉದಾಹರಣೆ ಬೀದರಿನಲ್ಲೇ ಇದೆ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರು ಅಂತಸ್ತಿನ ಕಟ್ಟಡ. ನಡುವೆ ತೆರೆದ ಅಂಗಳ. ಸುತ್ತಲೂ ಉಪನ್ಯಾಸದ ದೊಡ್ಡ ಕೋಣೆಗಳು, ಗ್ರಂಥಾಲಯ, ಮಸೀದಿ, ಅಧ್ಯಾಪಕರ ಮನೆಗಳು, ವಿದ್ಯಾರ್ಥಿಗಳ ಸಣ್ಣ ಕೋಣೆಗಳು. ಗ್ರಂಥಾಲಯದಲ್ಲಿ ಮೂರು ಸಾವಿರದಷ್ಟು ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. ಗುಂಪಾಗಿ ಕೇಳುವ ಜಾಗ ಬೇರೆ, ಒಬ್ಬನೇ ಕುಳಿತು ಓದುವ ಜಾಗ ಬೇರೆ ಎಂಬ ತಿಳಿವಳಿಕೆ ಆ ನಕ್ಷೆಯಲ್ಲಿದೆ. ಔರಂಗಜೇಬ 1657ರಲ್ಲಿ ಬೀದರನ್ನು ಗೆದ್ದ ಮೇಲೆ ಅದೇ ಕೋಣೆಗಳು ಸೈನಿಕರ ಪಾಲಾದವು, ಕೆಲವು ಮದ್ದಿನ ಉಗ್ರಾಣಗಳಾದವು. ಆ ಶತಮಾನ ಮುಗಿಯುವ ಹೊತ್ತಿಗೆ ಮದ್ದು ಸಿಡಿದು ಕಟ್ಟಡದ ಒಂದು ಪಾಲು, ಒಂದು ಮಿನಾರು ಕುಸಿದವು. ಇಂದಿಗೂ ಒಂದೇ ಮಿನಾರು ನಿಂತಿದೆ.

ನಿಜಾಮರ ಕಾಲದಲ್ಲಿ ಕನ್ನಡಕ್ಕೆ ಸಾರ್ವಜನಿಕ ಜಾಗ ಸಿಗುವುದೇ ಕಷ್ಟವಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಮನೆಮಾತು. ಕೋಣೆಯ ಮೇಲೆ ಏನು ಬರೆದಿದೆ ಎಂಬುದಕ್ಕಿಂತ ಒಳಗೆ ಏನು ನಡೆಯುತ್ತಿದೆ ಎಂದು ನೋಡಬೇಕೆನ್ನುವ ಮೌಲ್ಯಮಾಪಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಹೈದರಾಬಾದ್ ರಾಜ್ಯ 1955ರಲ್ಲಿ ಗ್ರಂಥಾಲಯ ಕಾಯ್ದೆಯೊಂದನ್ನು ತಂದಿತ್ತು. 1956ರ ಏಕೀಕರಣದ ನಂತರ, ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965 ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಕೊಟ್ಟಿತು. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರವೇ ಸಾರ್ವಜನಿಕ ಗ್ರಂಥಾಲಯಗಳ ಮುಖ್ಯ ಆದಾಯ. ಮನೆಕಂದಾಯ ಕಟ್ಟುವ ಪ್ರತಿಯೊಬ್ಬರೂ ಆ ಕುರ್ಚಿಗಳಿಗೆ ಹಣ ಕೊಟ್ಟವರೇ.

ಅಳತೆಯ ಸೂತ್ರಗಳು

ಅಮೆರಿಕದ ವೀಲರ್ ಮತ್ತು ಗಿಥೆನ್ಸ್ 1941ರಲ್ಲಿ ಪುಸ್ತಕ, ಆಸನ, ವಿತರಣೆ ಈ ಮೂರನ್ನೂ ಕೂಡಿಸುವ ಸೂತ್ರ ಕೊಟ್ಟರು: ಹತ್ತು ಪುಸ್ತಕಕ್ಕೆ ಒಂದು ಚದರ ಅಡಿ, ಒಂದು ಆಸನಕ್ಕೆ 40 ಚದರ ಅಡಿ, ವರ್ಷಕ್ಕೆ ಹೊರಹೋಗುವ ಪ್ರತಿ 40 ಪುಸ್ತಕಕ್ಕೆ ಇನ್ನೊಂದು ಚದರ ಅಡಿ. ಕೆನಡಾದ ಒಂಟಾರಿಯೊ ಸೂತ್ರ ಜನಸಂಖ್ಯೆಯಿಂದ ಹೊರಡುತ್ತದೆ: ಸಾವಿರ ಜನಕ್ಕೆ 56 ಚದರ ಮೀಟರ್, ಐದು ಆಸನ, ಆಸನವೊಂದಕ್ಕೆ 2.8 ಚದರ ಮೀಟರ್. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 1553 ಗ್ರಂಥಾಲಯ ಕಟ್ಟಡಗಳಿಗೆಂದೇ ಇದೆ. ಅದು ಓದುಗನೊಬ್ಬನಿಗೆ ಮೇಜು, ಕುರ್ಚಿ, ನಡೆದಾಡುವ ದಾರಿ ಸೇರಿ ಸುಮಾರು 2.3 ಚದರ ಮೀಟರ್ ಹೇಳುತ್ತದೆ.

ಭಾಲ್ಕಿಯಂಥ 40 ಸಾವಿರ ಜನರ ಊರಿಗೆ ಒಂಟಾರಿಯೊ ಲೆಕ್ಕ ಹಾಕಿದರೆ 2,240 ಚದರ ಮೀಟರ್ ಕಟ್ಟಡ, 200 ಆಸನ ಬೇಕಾಗುತ್ತವೆ. ನಮ್ಮ ತಾಲ್ಲೂಕು ಕೇಂದ್ರಗಳು ಇದರ ಹತ್ತಿರಕ್ಕೂ ಸುಳಿಯುವುದಿಲ್ಲ. ಹಾಗೆಂದು ಸೂತ್ರವನ್ನು ಪಕ್ಕಕ್ಕಿಡಬೇಕಿಲ್ಲ. ಇರುವ ಕೋಣೆಯನ್ನು ಅಳೆಯಲು ಅದು ಸಾಕಷ್ಟು ಉಪಯೋಗಕ್ಕೆ ಬರುತ್ತದೆ. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಳ್ಳಿಯ ಕೋಣೆಯೆಂದರೆ ಹತ್ತಿರ ಹತ್ತಿರ 22 ಚದರ ಮೀಟರ್. ಕಪಾಟು, ಮೇಲ್ವಿಚಾರಕರ ಮೇಜು, ಮುರಿದ ಕುರ್ಚಿಗಳ ರಾಶಿ, ಹಳೆ ಪತ್ರಿಕೆಯ ಕಟ್ಟುಗಳು ಅರ್ಧ ನುಂಗಿದರೆ ಉಳಿಯುವುದು ಐದು ಜನರಿಗೆ ಮಾತ್ರ. ಆ ರಾಶಿಯನ್ನು ಎತ್ತಿಸಿದರೆ ಇನ್ನಿಬ್ಬರು ಕೂರಬಹುದು. ಲೆಕ್ಕಪರಿಶೋಧನೆಯ ಹೆದರಿಕೆಯಿಂದ ಹರಿದ ಪುಸ್ತಕವನ್ನೂ ರದ್ದು ಮಾಡದೆ ಕಾಯುವ ಸಿಬ್ಬಂದಿಯನ್ನು ದೂರಿ ಫಲವಿಲ್ಲ; ರದ್ದತಿಯ ದಾರಿಯನ್ನು ಸುಲಭ ಮಾಡಬೇಕಾದದ್ದು ಮೇಲಿನವರು.

ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕರೆಯುತ್ತದೆ. ಪುಸ್ತಕ, ಓದುಗ, ಸಿಬ್ಬಂದಿ ಮೂರೂ ಬೆಳೆಯುತ್ತವೆ. ಬೀದರಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆದವನು ಓದುಗ.

ಕುರ್ಚಿಗಳ ಎಣಿಕೆ

ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ಮೀಸಲಾತಿ 2013ರಲ್ಲಿ ದೊರೆತ ಮೇಲೆ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಪಿಡಿಒ ಮೊದಲಾದ ಸರ್ಕಾರಿ ನೌಕರಿಯ ಪರೀಕ್ಷೆಗಳ ಮೇಲೆ ಈ ಭಾಗದ ಯುವಕ ಯುವತಿಯರ ಆಸೆ ಹೆಚ್ಚಿತು. ಔರಾದ್ ಕಡೆಯ ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿ ನಾಲ್ವರ ಜೊತೆ ಇರುವ ಹುಡುಗನಿಗೆ ಓದಲು ಬೇಕಾದ ಬೆಳಕು, ಫ್ಯಾನು, ಮೌನ ಸಿಗುವುದು ಗ್ರಂಥಾಲಯದಲ್ಲಿ. ಅವನು ಬಾಗಿಲು ತೆಗೆಯುವ ಮೊದಲೇ ಬಂದಿರುತ್ತಾನೆ. ಗೋಡೆಯ ಪಕ್ಕದ, ಚಾರ್ಜಿಂಗ್ ಪಾಯಿಂಟ್ ಹತ್ತಿರದ ಕುರ್ಚಿಯ ಮೇಲೆ ಬ್ಯಾಗಿಟ್ಟು, ನೀರಿನ ಬಾಟಲಿ ಮೇಜಿನ ತುದಿಗಿಟ್ಟು, ತನ್ನದೇ ನೋಟ್ಸು ತೆಗೆಯುತ್ತಾನೆ. ಊಟಕ್ಕೆ ಹೋದಾಗಲೂ ಬ್ಯಾಗು ಅಲ್ಲೇ. ಸಂಜೆಯವರೆಗೆ ಗ್ರಂಥಾಲಯದ ಒಂದು ಪುಸ್ತಕವನ್ನೂ ಅವನು ಮುಟ್ಟದಿರಬಹುದು. ಪುಸ್ತಕ ವಿತರಣೆಯ ವಹಿ ನೋಡಿದರೆ ಅವನು ಬಂದೇ ಇಲ್ಲ. ಕುರ್ಚಿ ನೋಡಿದರೆ ಅತಿ ಹೆಚ್ಚು ಹೊತ್ತು ಇದ್ದವನು ಅವನೇ. ವಿತರಣೆ ಕಡಿಮೆಯಾಗಿದೆ ಎಂದು ಗ್ರಂಥಾಲಯ ಸೊರಗಿದೆಯೆಂದು ತೀರ್ಮಾನಿಸುವವರು ಒಮ್ಮೆ ಒಳಗೆ ಹೋಗಿ ಕೂರಲು ಜಾಗ ಹುಡುಕಬೇಕು.

ಇದನ್ನು ಅಳೆಯುವ ಸರಳ ಕ್ರಮವನ್ನು ಲಿಸಾ ಗಿವನ್ ಮತ್ತು ಗ್ಲೋರಿಯಾ ಲೆಕಿ ಟೊರಾಂಟೊ ಹಾಗೂ ವ್ಯಾಂಕೂವರ್ ಗ್ರಂಥಾಲಯಗಳಲ್ಲಿ ಬಳಸಿ 2003ರಲ್ಲಿ ಪ್ರಕಟಿಸಿದರು. ಗೊತ್ತುಪಡಿಸಿದ ಹೊತ್ತಿಗೆ ಇಡೀ ಕಟ್ಟಡ ಸುತ್ತಿ, ಯಾರು ಎಲ್ಲಿ ಕುಳಿತು ಏನು ಮಾಡುತ್ತಿದ್ದಾರೆ ಎಂದು ನಕ್ಷೆಯ ಮೇಲೆ ಗುರುತು ಹಾಕುವುದು; ಯಾರನ್ನೂ ಮಾತನಾಡಿಸುವುದಿಲ್ಲ, ಹೆಸರು ಕೇಳುವುದಿಲ್ಲ. ಇದಕ್ಕೆ ಬೇಕಾದ್ದು ಒಂದು ಹಾಳೆ, ಒಂದು ಪೆನ್ನು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ. ಒಂದೇ ವಾರ ಎಣಿಸಿ ನಿಲ್ಲಿಸಬಾರದು. ಪರೀಕ್ಷೆಯ ಅಧಿಸೂಚನೆ ಹೊರಬಿದ್ದ ವಾರ, ಮುಂಗಾರಿನ ಬಿತ್ತನೆಯ ವಾರ, ಶಾಲೆಯ ರಜೆಯ ವಾರ ಬೇರೆ ಬೇರೆ ಚಿತ್ರ ಕೊಡುತ್ತವೆ.

ಎಣಿಕೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಆರು ಜನರ ಮೇಜಿಗೆ ನಾಲ್ವರು ಅಪರಿಚಿತರು ಕುಳಿತರೆ ಐದನೆಯವರು ಹಿಂಜರಿಯುತ್ತಾರೆ. ಕಾಗದದ ಮೇಲೆ ಎರಡು ಕುರ್ಚಿ ಖಾಲಿ, ನಿಜದಲ್ಲಿ ಮೇಜು ಭರ್ತಿ. ನಾಲ್ವರೂ ಹುಡುಗರಾಗಿದ್ದರೆ ಹುಡುಗಿಯೊಬ್ಬಳು ಆ ಮೇಜಿನ ಕಡೆ ಬರುವುದೇ ಇಲ್ಲ. ಬ್ಯಾಗು ಕೂತ ಕುರ್ಚಿಯನ್ನು ಜನ ಕೂತ ಕುರ್ಚಿಯಿಂದ ಬೇರೆ ಗುರುತಿನಲ್ಲಿ ಬರೆಯಬೇಕು. ಮಕ್ಕಳ ವಿಭಾಗವೆಂದು ಫಲಕವಿರುವ ಮೂಲೆಯಲ್ಲಿ ಮಕ್ಕಳು ಕಂಡರೋ, ದೊಡ್ಡವರು ಮೊಣಕಾಲು ಮಡಚಿ ಗಿಡ್ಡ ಕುರ್ಚಿಯಲ್ಲಿ ಓದುತ್ತಿದ್ದರೋ ಎಂಬುದೂ ದಾಖಲಾಗಬೇಕು.

ನಾಲ್ಕು ಭಾಷೆ, ಒಂದು ಬಿಸಿಲು

ಡೆನ್ಮಾರ್ಕಿನ ಸಂಶೋಧಕರು 2012ರಲ್ಲಿ ಗ್ರಂಥಾಲಯದ ಜಾಗವನ್ನು ಸ್ಫೂರ್ತಿ, ಕಲಿಕೆ, ಭೇಟಿ, ಸೃಜನ ಎಂದು ನಾಲ್ಕಾಗಿ ವಿಂಗಡಿಸಿದರು. ಬೀದರಿನಲ್ಲಿ ಭೇಟಿಯ ಜಾಗವೆಂದರೆ ಪತ್ರಿಕೆಯ ಮೇಜು. ಕನ್ನಡ, ಉರ್ದು, ಮರಾಠಿ, ಹಿಂದಿ ಓದುವವರು ಅಲ್ಲಿ ಅಕ್ಕಪಕ್ಕ ಕೂರುತ್ತಾರೆ, ಸುದ್ದಿಯ ಬಗ್ಗೆ ಎರಡು ಮಾತು ಆಡುತ್ತಾರೆ. ಆ ಮಾತನ್ನು ಅಡಗಿಸುವ ಬದಲು ಪತ್ರಿಕೆಯ ಮೇಜನ್ನು ಬಾಗಿಲ ಬಳಿ, ಸಾಧ್ಯವಾದರೆ ಪಡಸಾಲೆಗೆ ತರುವುದು ಒಳ್ಳೆಯದು. ಪರೀಕ್ಷೆಗೆ ಓದುವವರನ್ನು ಒಳಗಿನ ಕೋಣೆಗೆ ಕಳಿಸಬೇಕು. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ, ಅದರ ಕಪಾಟನ್ನೂ ಬಲದಿಂದ ಎಡಕ್ಕೆ ಜೋಡಿಸಿದರೆ ಹುಡುಕುವುದು ಸುಲಭ.

ಬೀದರ್ ಎತ್ತರದ ಜಂಬಿಟ್ಟಿಗೆಯ ನೆಲ. ಡಿಸೆಂಬರಿನಲ್ಲಿ ನಡುಕ, ಏಪ್ರಿಲ್-ಮೇನಲ್ಲಿ ಕಾದ ಗೋಡೆ. ಪಡುವಣ ಗೋಡೆಗೆ ಒರಗಿಸಿದ ಕಪಾಟಿನಲ್ಲಿ ಪುಸ್ತಕದ ಅಂಟು ಒಣಗಿ ಹಾಳೆ ಕಳಚುತ್ತದೆ. ಅದೇ ಗೋಡೆಗೆ ತಾಗಿದ ಕುರ್ಚಿ ಮಧ್ಯಾಹ್ನ ಖಾಲಿ ಬೀಳುತ್ತದೆ. ಓದುವ ಮೇಜಿಗೆ ಉತ್ತರದ ಕಿಟಕಿ ಮೇಲು.

ಹಳ್ಳಿ ಮತ್ತು ಹೊಸ ಬಡಾವಣೆ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಗ ಅವು ಅರಿವು ಕೇಂದ್ರಗಳು. ಮಕ್ಕಳನ್ನು ಕರೆತರಲು 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಗೋಡೆಗೆ ಬಣ್ಣ ಬಂತು, ಕಂಪ್ಯೂಟರು ಬಂತು, ಮಕ್ಕಳೂ ಬಂದರು. ಕೋಣೆ ಮಾತ್ರ ಅದೇ ಒಂದು. ಅಂಥ ಕಡೆ ಹೊತ್ತನ್ನೇ ಹಂಚಿಕೊಳ್ಳಬೇಕಾಗುತ್ತದೆ: ಬೆಳಿಗ್ಗೆ ಪತ್ರಿಕೆ ಓದುವವರು, ಶಾಲೆ ಬಿಟ್ಟ ಮೇಲೆ ಮಕ್ಕಳು.

ನೌಬಾದದ ಪ್ರಶ್ನೆ ಬೇರೆ. ಬಹಮನಿ ಕಾಲದ ಕರೇಜ್, ಜನ ಸುರಂಗ ಬಾವಿ ಎನ್ನುವ ನೆಲದಡಿಯ ನೀರಿನ ದಾರಿ ಇರುವ ಈ ಊರು ಇಂದು ಭಾಲ್ಕಿ ರಸ್ತೆಯ ಮೇಲೆ ಬೀದರ್ ನಗರದ ಭಾಗ. ಇಂಥ ಹೊರ ಬಡಾವಣೆಗಳಿಂದ ಹಳೆ ಪೇಟೆಯ ಗ್ರಂಥಾಲಯಕ್ಕೆ ಹೋಗಲು ಆಟೋ ಬೇಕು. ಹೆದ್ದಾರಿ ದಾಟಿ ಮಕ್ಕಳನ್ನು ಒಬ್ಬರೇ ಕಳಿಸಲಾಗದು. ಬಡಾವಣೆಯ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಡುವ ಸಿ.ಎ. ಸೈಟುಗಳಲ್ಲಿ ಒಂದನ್ನು ಶಾಖಾ ಗ್ರಂಥಾಲಯಕ್ಕೆ ಮೊದಲೇ ಗುರುತಿಸಬೇಕು. ಮನೆಗಳು ಎದ್ದ ಮೇಲೆ ಹುಡುಕಿದರೆ ಸಿಗುವುದು ಊರಾಚೆಯ ಮೂಲೆ. ಅಲ್ಲಿ ಎಷ್ಟು ಕುರ್ಚಿ ಬೇಕೆಂದು ತಿಳಿಯಲು ಈಗಿರುವ ಗ್ರಂಥಾಲಯದ ಎಣಿಕೆ ಹಾಳೆಯಲ್ಲೇ ಇನ್ನೊಂದು ಕಾಲಂ ಹಾಕಿದರಾಯಿತು: ಬಾಗಿಲವರೆಗೆ ಬಂದು, ಒಳಗೆ ಕಣ್ಣಾಡಿಸಿ, ಜಾಗವಿಲ್ಲವೆಂದು ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗಿದವರು ಎಷ್ಟು ಮಂದಿ, ಎಲ್ಲಿಂದ ಬಂದಿದ್ದರು.